ಬಂದ್ ಮಾಡಿದ್ದ ಸದ್ದು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಹೊನ್ನೂರಿನ ಕಡೆ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, ಯಾರಾದರೊಬ್ಬರು ಬೆಟ್ಟದ ತಿರುವಿನಲ್ಲಿ ಬಿಳಿ ಸೀರೆಯವಳು ಕೈ ಅಡ್ಡ ಹಾಕಿದ ಕಥೆಯನ್ನೋ, ಮಾರ್ಟಳ್ಳಿಯ ದಾರಿಯಲ್ಲಿ ಬೈಕು ತಾನಾಗಿ ನಿಂತುಹೋದ ಕಥೆಯನ್ನೋ ತೆಗೆಯುತ್ತಾರೆ. "ಬೈಕಿನಲ್ಲಿ ಪೆಟ್ರೋಲ್ ಇತ್ತಾ, ಮೊದಲು ಅದನ್ನು ಹೇಳಿ" ಎಂದು ನಾನು ಕೇಳುತ್ತಿದ್ದೆ. ಕಥೆ ಅಲ್ಲಿಗೆ ಮುಗಿದು ಎಲ್ಲರೂ ಉಪ್ಪಿನಕಾಯಿಯ ಕಡೆ ತಿರುಗುತ್ತಿದ್ದರು.

ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವೂ ಪೆಟ್ರೋಲ್ ಪ್ರಶ್ನೆ ಕೇಳಬಹುದು, ಕೇಳಿ. ಟ್ಯಾಂಕ್ ತುಂಬ ಇತ್ತು. ಕಣ್ಣಿಗೆ ಪೊರೆ ಇಲ್ಲ, ಕಿವಿ ಚೆನ್ನಾಗಿದೆ, ರಾತ್ರಿ ನಿದ್ದೆಯೂ ಆಗಿತ್ತು. ಇನ್ನು ಆ ಬೆಳಿಗ್ಗೆ ನಡೆದದ್ದನ್ನು ಕೇಳಿ.

ನಮ್ಮ ಮನೆ ಕೊಳ್ಳೇಗಾಲದ ನೇಕಾರರ ಓಣಿಯೊಂದರಲ್ಲಿದೆ. ನಾನು ಮದುವೆಯಾಗಿ ಬಂದಾಗ ಎರಡೂ ಬದಿಯ ಮನೆಗಳಲ್ಲಿ ರೇಷ್ಮೆ ಸೀರೆಯ ಕೈಮಗ್ಗಗಳಿದ್ದವು. ಬೆಳಗಾಗುತ್ತಲೇ ಲಾಳಿಯ ಟಕಟಕ ಶುರುವಾದರೆ ನಮ್ಮ ಮನೆಯ ಗಡಿಯಾರದ ಸದ್ದೇ ಕೇಳುತ್ತಿರಲಿಲ್ಲ. ಈಗ ಮಗ್ಗ ಉಳಿದಿರುವುದು ನಮ್ಮ ಎದುರಿನ ಕಮಲಕ್ಕನ ಮನೆಯಲ್ಲಿ ಮಾತ್ರ. ನಮ್ಮತ್ತೆಯೂ ಕಣ್ಣು ಕೈಕೊಡುವವರೆಗೆ ನೇಯ್ದವರೇ. ನಮ್ಮವರು ಮಗ್ಗದ ತಂಟೆಗೆ ಹೋಗದೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾರೆ.

ಓಣಿ ಉತ್ತರದ ಕಡೆ ಪೇಟೆ ಬೀದಿಗೆ ತೆರೆದುಕೊಳ್ಳುತ್ತದೆ. ದಕ್ಷಿಣದ ತುದಿಯಲ್ಲಿ ಗಣಪತಿ ಗುಡಿಯ ಹಿಂಗೋಡೆ. ಗೋಡೆಗೆ ಹತ್ತಿರದಲ್ಲೇ ನಮ್ಮ ಮನೆ. ಮನೆಯ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗವಿದೆಯೇ ಹೊರತು ತಿರುಗಿಸುವಷ್ಟಿಲ್ಲ. ನಾನು ಕಾರು ಕಲಿತು, ಕೊಂಡು, ಮೊದಲ ದಿನ ಹೆಮ್ಮೆಯಿಂದ ಮೂತಿ ಮುಂದೆ ಮಾಡಿಕೊಂಡೇ ಓಣಿಯೊಳಗೆ ತಂದು ನಿಲ್ಲಿಸಿದಾಗ ಅತ್ತೆಮ್ಮ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಆರತಿ ಎತ್ತುವ ಬದಲು ಹಣೆ ಚಚ್ಚಿಕೊಂಡರು.

"ತೆಂಕ್ಲಕ್ಕೆ ಮಕ ಮಾಡಿ ನಿಲ್ಸಿದ್ದೀಯಲ್ಲ ಅಮ್ಮಿ, ಯಮನ್ಗೇನ್ ಬಾಡ್ಗೆಗ್ ಬುಟ್ಟಿದ್ದೀಯಾ?"

ಯಮನ ದಿಕ್ಕಿಗೆ ಮುಖ ಮಾಡಿ ಗಾಡಿ ನಿಲ್ಲಿಸಬಾರದು, ಎತ್ತಿನ ಗಾಡಿಯ ಕಾಲದಿಂದ ಅದು ಅವರ ಕಾನೂನು. ಅಲ್ಲಿಗೆ ನನ್ನ ಪಾಡು ಗೊತ್ತಾಯಿತಲ್ಲ: ದಿನವೂ ಪೇಟೆ ಬೀದಿಯಿಂದ ಓಣಿಯುದ್ದಕ್ಕೂ ರಿವರ್ಸಿನಲ್ಲೇ ಬರಬೇಕು. ಡ್ರೈವಿಂಗ್ ಕಲಿಸಿದ ಮಾಸ್ಟರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. ಇಕ್ಕಟ್ಟಾದ ಕಡೆ ರಿವರ್ಸಿನಲ್ಲಿ ಒಳಗೆ ಬಂದು ಮೂತಿ ಹೊರಗಿಟ್ಟು ನಿಲ್ಲಿಸಿದರೆ ಹೊರಡುವಾಗ ಯಾರಿಗೂ ತಗಲುವುದಿಲ್ಲ, ಮಕ್ಕಳು ಮರಿ ಅಡ್ಡ ಬಂದರೂ ಕಾಣುತ್ತದೆ. ಅತ್ತೆಮ್ಮನ ಯಮನೂ ಮಾಸ್ಟರ ಸುರಕ್ಷತೆಯೂ ಒಂದೇ ಕಡೆ ಮುಖ ಮಾಡಿದ್ದವು. ಎದುರಾಡುವುದಕ್ಕಿಂತ ರಿವರ್ಸ್ ಕಲಿಯುವುದೇ ಸುಲಭ ಎಂದುಕೊಂಡೆ.

ಕಾರಿನಲ್ಲಿ ಅದಕ್ಕೆ ಬೇಕಾದ ಅನುಕೂಲಗಳೆಲ್ಲ ಇದ್ದವು. ರಿವರ್ಸ್ ಗೇರು ಹಾಕಿದರೆ ಹಿಂದಿನ ಕ್ಯಾಮೆರಾ ಕಂಡದ್ದೆಲ್ಲ ಮುಂದಿನ ಪರದೆಯ ಮೇಲೆ ಬರುತ್ತದೆ. ಹಸಿರು, ಹಳದಿ, ಕೆಂಪು ಗೆರೆಗಳು. ಬಂಪರಿನಲ್ಲಿ ಗುಂಡಿಯಂತೆ ಕೂತಿರುವ ಸೆನ್ಸರುಗಳು ಏನಾದರೂ ಹತ್ತಿರ ಬಂದರೆ ಕೀಂ ಕೀಂ ಎನ್ನುತ್ತವೆ, ತೀರ ಹತ್ತಿರವಾದರೆ ಉಸಿರು ಬಿಡದೆ ಕೀಂ ಎಂದು ಒಂದೇ ಸಮನೆ ಕಿರುಚುತ್ತವೆ. ನಮ್ಮ ಓಣಿಯಲ್ಲಿ ತೊಂದರೆ ಏನೆಂದರೆ, ಹೆಜ್ಜೆಗೊಂದು ಜಗಲಿ, ಮೆಟ್ಟಿಲು, ನಿಲ್ಲಿಸಿದ ಬೈಕು, ತುಳಸಿಕಟ್ಟೆ. ಪೇಟೆ ಬೀದಿ ಬಿಟ್ಟಲ್ಲಿಂದ ಮನೆ ಮುಟ್ಟುವ ತನಕ ಅದರ ಅರಚಾಟ ನಿಲ್ಲುತ್ತಲೇ ಇರಲಿಲ್ಲ. ನಾಯಿಗಳೂ ಜೊತೆಗೂಡುತ್ತಿದ್ದವು. "ಅದ್ಯಾಕಂಗ್ ಬಡ್ಕಂಡದು, ಈಯೋ ಎಮ್ಮೆ ಬಡ್ಕಂಡಂಗೆ" ಎಂದು ಅತ್ತೆಮ್ಮ ಒಳಗಿನಿಂದಲೇ ಗೊಣಗುತ್ತಿದ್ದರು. ಕೊನೆಗೆ ನಮ್ಮವರು ಒಂದು ಭಾನುವಾರ ಕಾರಿನೊಳಗೆ ಕೂತು, ಪರದೆಯನ್ನು ಒತ್ತಿ ಒತ್ತಿ, ಎಲ್ಲೋ ಒಳಗಡೆ ಹುಡುಕಿ ಸೆನ್ಸರಿನ ಸದ್ದನ್ನು ಬಂದ್ ಮಾಡಿದರು. ಓಣಿಗೆ ಶಾಂತಿ ಬಂತು. ನಾನು ಪರದೆಯ ಗೆರೆಗಳನ್ನು ನೋಡಿಕೊಂಡು ರಿವರ್ಸ್ ಬರುವುದಕ್ಕೆ ಒಗ್ಗಿಕೊಂಡೆ. ಕೆಲವು ವಾರ ಕಳೆದ ಮೇಲೆ ಆ ಸದ್ದು ಇತ್ತೆಂಬುದೇ ಮರೆತುಹೋಯಿತು.

ಇನ್ನು ಹಾಸಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸೀರೆಗೆ ಉದ್ದಕ್ಕೆ ಬರುವ ಎಳೆಗಳೇ ಹಾಸು, ಅಡ್ಡಕ್ಕೆ ಬರುವುದು ಹೊಕ್ಕು. ಮಗ್ಗಕ್ಕೆ ಏರಿಸುವ ಮೊದಲು ಆ ಸಾವಿರಾರು ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಸಿಕ್ಕು ಬಿಡಿಸಿ, ಕಡಿದ ಎಳೆಗೆ ಗಂಟು ಹಾಕಿ, ಸಮ ಮಾಡುತ್ತಾರೆ. ಸೊಂಟದೆತ್ತರಕ್ಕೆ ಒಂದು ತೆಳು ಚಾಪೆ ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ. ಬದಿಯಿಂದ ನೋಡಿದರೆ ಬರೀ ಒಂದು ಗೆರೆ. ಒಂದು ದನ ನುಗ್ಗಿದರೂ ತಿಂಗಳುಗಟ್ಟಲೆ ಮಾಡಿದ ಕೆಲಸ ಮಣ್ಣುಪಾಲು. ಅದಕ್ಕೇ ಹಿಂದೆ ಹೀಗೆ ಹಾಸು ಬಿಟ್ಟ ದಿನ ಓಣಿಯ ಬಾಯಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಡುತ್ತಿದ್ದರು. ಜೊತೆಗೆ ಯಾರಾದರೊಬ್ಬ ಹೆಂಗಸು ನಿಂತು ಬರುವವರಿಗೆ ಕೂಗಿ ಹೇಳಬೇಕು. ನಮ್ಮ ಓಣಿಯಲ್ಲಿ ಆ ಕೆಲಸ ವಯಸ್ಸಿನಲ್ಲಿದ್ದಾಗಿನ ಅತ್ತೆಮ್ಮನದು. ಅವರ ಕಂಠ ಅಷ್ಟು ದೊಡ್ಡದಂತೆ. "ಆಸು ಬುಟ್ಟವ್ರೆ, ನಿಂತ್ಕಳ್ರಪ್ಪೋ!" ಎಂದು ಇಲ್ಲಿ ಕೂಗಿದರೆ ಪೇಟೆ ಬೀದಿಯಲ್ಲಿ ಜಟಕಾ ಕುದುರೆ ನಿಲ್ಲುತ್ತಿತ್ತಂತೆ. ನಾನು ಬರುವ ಹೊತ್ತಿಗೇ ಅವರು ಕೂಗುವುದನ್ನು ಬಿಟ್ಟಿದ್ದರು. ಈಗಂತೂ ಅಡುಗೆಮನೆಯಿಂದ ಕರೆದರೆ ನಡುಮನೆಗೆ ಕೇಳುವುದಿಲ್ಲ.

ಆ ಚಳಿಗಾಲದಲ್ಲಿ ಕಮಲಕ್ಕ ಮತ್ತು ಅವಳ ಗಂಡ ನಂಜುಂಡಣ್ಣ ತಮ್ಮ ಮಗಳು ಪವಿತ್ರಳ ಮದುವೆಗೆ ಧಾರೆ ಸೀರೆ ನೇಯಲು ಹೊರಟಿದ್ದರು. ಜೀವಮಾನವೆಲ್ಲ ಊರವರ ಮಕ್ಕಳ ಧಾರೆಗೆ ನೇಯ್ದವರು ಅವರು. ಸ್ವಂತ ಮಗಳಿಗೆ ಅಂಗಡಿಯಿಂದ ತರುವುದುಂಟೇ? ಹಾಲುಬಣ್ಣದ ಮೈ, ಕುಂಕುಮದ ಬಣ್ಣದ ಅಂಚು ಎಂದು ಪವಿತ್ರಳೇ ಹೇಳಿದ್ದಳು. ಹಾಸು ಸಿದ್ಧವಾಗಿ ಮೂಲೆಯಲ್ಲಿ ಕೂತಿತ್ತು. ಬಿಡಿಸಲು ಮಾತ್ರ ಜಾಗವಿರಲಿಲ್ಲ, ಏಕೆಂದರೆ ಆ ಜಾಗದಲ್ಲಿ ನನ್ನ ಕಾರು ನಿಂತಿರುತ್ತಿತ್ತು. ಶಾಲೆಗೆ ಹೋದ ಮೇಲೆ ಬಿಡಿಸೋಣವೆಂದರೆ ರೇಷ್ಮೆಗೆ ಬಿಸಿಲೇರುವ ಮುಂಚಿನ ತಂಪೇ ಬೇಕು. "ಟೀಚರಮ್ಮಂಗೆ ಕಾರ್ ತೆಗೀರಿ ಅಂತ ಎಂಗ್ ಏಳದು" ಎಂದು ಗಂಡ ಹೆಂಡತಿ ದಾಕ್ಷಿಣ್ಯಪಟ್ಟುಕೊಂಡು ಸುಮ್ಮನಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಆ ವಾರ ನನ್ನ ನಾದಿನಿ ರತ್ನ ಹನೂರಿನಿಂದ ಬಂದಿದ್ದಳು. ಬಿಳಿಗಿರಿರಂಗನ ಬೆಟ್ಟಕ್ಕೆ ತುಪ್ಪದ ದೀಪದ ಹರಕೆ ಹೊತ್ತುಕೊಂಡಿದ್ದಳಂತೆ. ಶಾಲೆಗೆ ರಜೆ ಇತ್ತು. ಬೆಳಕು ಹರಿಯುವ ಮುನ್ನ ಹೊರಟು ಸಂಜೆಗೆ ವಾಪಸು ಎಂದು ನಾವಿಬ್ಬರೂ ಗೊತ್ತುಮಾಡಿಕೊಂಡೆವು. ಅತ್ತೆಮ್ಮ ಅದನ್ನು ಜಗಲಿಯ ಮೇಲಿಂದ ಕಮಲಕ್ಕನಿಗೆ ಹೇಳಿದ್ದಾರೆ. ಕಮಲಕ್ಕನಿಗೆ ಹೋದ ಜೀವ ಬಂದಂತಾಗಿದೆ. ನಾಳೆ ಬೆಳಿಗ್ಗೆಯೇ ಹಾಸು ಬಿಟ್ಟುಬಿಡೋಣ, ಓಣಿಗೆ ಬರುವ ಕಾರು ಇರುವುದೇ ಒಂದು, ಅದೂ ಬೆಟ್ಟಕ್ಕೆ ಹೋಗುತ್ತದಲ್ಲ ಎಂದು ಅವರು ನಿಶ್ಚಯಿಸಿದ್ದಾರೆ. ಕೆಂಪು ಬಟ್ಟೆಯ ಕೋಲನ್ನೂ ನೆಟ್ಟಿಲ್ಲ. ಯಾರಿಗಾಗಿ ನೆಡಬೇಕು?

ನಾವು ಹೊರಟಾಗ ಮಂಜು ದಟ್ಟವಾಗಿ ಬಿದ್ದಿತ್ತು. ಯಳಂದೂರಿನ ದಾರಿಯಲ್ಲಿ ಕಬ್ಬಿನ ಗದ್ದೆ ಯಾವುದು, ರಸ್ತೆ ಯಾವುದು ಎಂದು ತಿಳಿಯದಷ್ಟು. ರತ್ನ ಬಾಯಿ ತುಂಬ ಮಾತನಾಡುತ್ತಾ ಕೂತಿದ್ದಳು. ಯಳಂದೂರು ಇನ್ನೇನು ಬಂತು ಎನ್ನುವಾಗ ತೊಡೆಗೆ ಫಟಾರನೆ ಹೊಡೆದುಕೊಂಡಳು.

"ಅತ್ಗೆ, ತುಪ್ಪದ್ ಡಬ್ಬ ಅಲ್ಲೇ ಬುಟ್ಬಂದೆ ಕಣೆ! ದೇವ್ರ್ ಮನೇಲೇ ಅದೆ."

ಅಂಗಡಿಯಲ್ಲಿ ತೆಗೆದುಕೊಂಡರಾಯಿತು ಎಂದರೆ ಕೇಳಲಿಲ್ಲ. ಆ ತುಪ್ಪ ಅವಳೇ ಬೆಣ್ಣೆ ಕಾಯಿಸಿ ಮಾಡಿದ್ದು, ಹರಕೆ ಎಂದರೆ ಅದೇ ಆಗಬೇಕು. ಸರಿ, ಕಾರು ತಿರುಗಿಸಿದೆವು.

ಪೇಟೆ ಬೀದಿಗೆ ಬಂದಾಗ ಬೆಳಕಾಗಿತ್ತು, ಮಂಜು ಮಾತ್ರ ಹಾಗೇ ಇತ್ತು. ಓಣಿಯ ಬಾಯಲ್ಲಿ ಕಾರು ಬಿಟ್ಟು ಒಂದೇ ಉಸಿರಿಗೆ ಓಡಿ ಡಬ್ಬ ತರಬಹುದಿತ್ತು. ಆದರೆ ನಾನೊಮ್ಮೆ ತುಳಸಿಕಟ್ಟೆಗೆ ಕಾರು ಸವರಿದ್ದನ್ನು ರತ್ನ ತನ್ನ ಅಣ್ಣನ ಬಾಯಿಂದ ಕೇಳಿ, ದಾರಿಯುದ್ದಕ್ಕೂ ನನ್ನನ್ನು ಆಡಿಕೊಂಡಿದ್ದಳು. ಈಗ ನೋಡು ನನ್ನ ಕೈಚಳಕ ಎಂದು ನಾನು ರಿವರ್ಸ್ ಗೇರು ಹಾಕಿದೆ.

ಪರದೆ ಬೆಳಗಿತು. ಕ್ಯಾಮೆರಾದ ಕಣ್ಣಿಗೆ ಇಬ್ಬನಿ ಹತ್ತಿ ಎಲ್ಲ ಹಾಲು ಕದಡಿದಂತಿತ್ತು, ಆದರೂ ಎರಡೂ ಬದಿಯ ಜಗಲಿಗಳು ಮಸುಕಾಗಿ ಕಾಣುತ್ತಿದ್ದವು. ನಡುವೆ ದಾರಿ ಖಾಲಿ. ಹಿಂದಕ್ಕೆ ಹೋಗುವಾಗ ಕತ್ತು ಹೊರಳಿಸಿ ನೋಡಬೇಕು, ಕಾಣದಿದ್ದರೆ ಇಳಿದು ನೋಡಬೇಕು ಎಂದು ಮಾಸ್ಟರು ನೂರು ಸಲ ಹೇಳಿದ್ದರು. ಹಿಂದಿನ ಗಾಜು ಬೆವರಿದ್ದರಿಂದ ಹೊರಳಿಸಿದರೂ ಕಾಣುವಂತಿರಲಿಲ್ಲ. ಇಳಿಯುವ ಮಾತು ನನಗೆ ಹೊಳೆಯಲಿಲ್ಲ. ಪರದೆಯಲ್ಲೇ ಕಣ್ಣಿಟ್ಟು ಸರಾಗವಾಗಿ ಬಂದೆ. ತುಳಸಿಕಟ್ಟೆ ದಾಟಿದಾಗ ರತ್ನಳ ಕಡೆ ನೋಡಿ ಹುಬ್ಬು ಕೂಡ ಹಾರಿಸಿದೆ.

ಮನೆ ಇನ್ನೇನು ಸಿಕ್ಕಿತು ಎನ್ನುವಾಗ ಸೆನ್ಸರು ಕಿರುಚಿತು.

ಕೀಂ ಕೀಂ ಎಂದು ಮೆಲ್ಲಗೆ ಶುರುವಾಗಲಿಲ್ಲ. ಮೊದಲಿಗೇ ಕಿವಿ ಹರಿದುಹೋಗುವ ಹಾಗೆ, ಒಂದೇ ಸಮನೆ, ಉಸಿರು ಬಿಡದೆ. ನನ್ನ ಕಾಲು ತಾನಾಗಿ ಬ್ರೇಕನ್ನು ತುಳಿಯಿತು. ಅದೇ ಕ್ಷಣದಲ್ಲಿ ರತ್ನ ನನ್ನ ತೋಳನ್ನು ಹಿಡಿದೆಳೆದಳು. ಕಾರು ಜಗ್ಗಿ ನಿಂತಿತು. ಸದ್ದೂ ನಿಂತಿತು. ಪರದೆಯಲ್ಲಿ ಆಗಲೂ ಏನೂ ಇರಲಿಲ್ಲ, ಹಸಿರು ಗೆರೆಯ ಆಚೆಗೂ ಬರೀ ಮಂಜು. ನಾಯಿಯೋ ಮಗುವೋ ಅಡ್ಡ ಬಂದಿರಬೇಕು. ಹ್ಯಾಂಡ್ ಬ್ರೇಕ್ ಎಳೆದು ಇಬ್ಬರೂ ಇಳಿದೆವು.

ಹಿಂದೆ ಹೋಗಿ ನೋಡಿದರೆ ಮೊದಲಿಗೆ ಏನೂ ಕಾಣಲಿಲ್ಲ. ಆಮೇಲೆ ಕಂಡದ್ದು ಇಬ್ಬನಿ ಹನಿಗಳು. ಗಾಳಿಯಲ್ಲಿ ಸಾಲಾಗಿ, ಯಾವ ಆಧಾರವೂ ಇಲ್ಲದೆ ನಿಂತ ಹನಿಗಳು. ನಮ್ಮ ಜಗಲಿಯ ಕಂಬದಿಂದ ಕಮಲಕ್ಕನ ಬಾಗಿಲ ತನಕ ಓರೆಯಾಗಿ ಎಳೆದು ಕಟ್ಟಿದ ಹಾಲುಬಣ್ಣದ ರೇಷ್ಮೆಯ ಹಾಸು, ಮಂಜಿನಲ್ಲಿ ಮಂಜಾಗಿ ಹೋಗಿತ್ತು. ಬಂಪರಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗ. ನಾನು ಕೈಯಿಟ್ಟು ಅಳೆದು ನೋಡಿದೆ. ಎಳೆಗೆ ಬೆರಳು ತಗಲೀತೆಂದು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಕಾರಿನ ಬಾಗಿಲ ಸದ್ದಿಗೆ ಕಮಲಕ್ಕ ಹೊರಗೆ ಬಂದಳು. ಗಂಡ ಹೆಂಡತಿ ಹಾಸು ಕಟ್ಟಿ ಮುಗಿಸಿ, ಮಂಜು ಸ್ವಲ್ಪ ತಿಳಿಯಾಗಲಿ ಎಂದು ಕಾಪಿ ಕುಡಿಯಲು ಒಳಗೆ ಹೋಗಿದ್ದರಂತೆ. ಕೈಯಲ್ಲಿ ಲೋಟ ಹಾಗೇ ಇತ್ತು. ಕಾರನ್ನು ನೋಡಿದಳು, ಹಾಸನ್ನು ನೋಡಿದಳು, ಮೆಟ್ಟಿಲ ಮೇಲೆ ಕುಸಿದು ಕೂತಳು.

"ಟೀಚರಮ್ಮ, ಇನ್ನೊಂದ್ ಗೇಣ್ ಬಂದಿದ್ರೆ ನನ್ ಮಗಳ್ ದಾರೆ ಸೀರೆ ಓಗ್ಬುಡದು" ಎಂದವಳು ಅಳಲು ಶುರುಮಾಡಿ, ಅಳುತ್ತಲೇ ನಕ್ಕಳು. "ನೀವ್ ಬೆಟ್ಟಕ್ ಓದ್ರಿ ಅಂತ ಬಟ್ಟೇನೂ ಕಟ್ನಿಲ್ಲ ಕಣ್ರವ್ವ."

ನನಗೂ ಕಣ್ಣು ತುಂಬಿತು. ಕಾರು ಇಲ್ಲಿ ನಿಲ್ಲಿಸಬೇಡಿ ಎಂದು ಒಂದು ಮಾತು ಹೇಳಬಾರದಿತ್ತಾ ಎಂದು ಬೈದೆ, ಬೈಯುತ್ತಾ ಅವಳ ಪಕ್ಕದಲ್ಲೇ ಕೂತು ಅವಳ ಕಾಪಿಯನ್ನು ಅರ್ಧ ಕುಡಿದೆ. ನಂಜುಂಡಣ್ಣ ಹೊರಗೆ ಬಂದು ಹಾಸಿನ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದು ಕಡೆ ಬಗ್ಗಿ ನೋಡಿದ. ಒಂದು ಎಳೆಯೂ ಕಡಿದಿರಲಿಲ್ಲ. ಆ ಹೊತ್ತಿಗೆ ರತ್ನ ಮನೆಯೊಳಗಿಂದ ತುಪ್ಪದ ಡಬ್ಬ ಹಿಡಿದು ಬಂದಳು. ಮುಖ ಏನೋ ಒಂಥರಾ ಇತ್ತು. ಹೊತ್ತಾಗುತ್ತದೆಂದು ನಾನು ಕೇಳಲಿಲ್ಲ.

ಮಂಜು ಕರಗಿ ಬಿಸಿಲು ಬಂತು. ದಾರಿಯಲ್ಲಿ ನಾನು ಸೆನ್ಸರನ್ನು ಹೊಗಳಿದ್ದೇ ಹೊಗಳಿದ್ದು. ರೇಷ್ಮೆ ಎಳೆಯನ್ನೂ ಹಿಡಿಯುತ್ತದಲ್ಲ, ಇನ್ನೇನು ಬೇಕು ಎಂದೆ. ರತ್ನ ಹೂಂ ಎನ್ನುತ್ತಾ ಹೊರಗೆ ನೋಡುತ್ತಿದ್ದಳು. ಇಷ್ಟು ಹೊತ್ತು ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಕಂಡದ್ದೇ ಇಲ್ಲ. ಬೆಟ್ಟದ ಮೇಲೆ ದೇವಸ್ಥಾನದ ಕೆಳಗೆ ಗಾಡಿ ನಿಲ್ಲಿಸುವ ಕಡೆ ಒಂದು ಕಲ್ಲುಗೋಡೆ ಇತ್ತು. ಅದರ ಕಡೆಗೆ ರಿವರ್ಸ್ ತೆಗೆದುಕೊಂಡೆ. ಗೋಡೆ ಪರದೆಯಲ್ಲಿ ಸ್ಪಷ್ಟವಾಗಿ ದೊಡ್ಡದಾಗುತ್ತಾ ಬಂತು. ಹಸಿರು ದಾಟಿತು, ಹಳದಿ ದಾಟಿತು, ಕೆಂಪು ಗೆರೆಗೆ ಮುಟ್ಟಿತು. ಕಾರಿನಲ್ಲಿ ಒಂದು ಸದ್ದಿಲ್ಲ.

ಆಗ ನೆನಪಾಯಿತು. ಸದ್ದನ್ನು ನಮ್ಮವರು ಬಂದ್ ಮಾಡಿದ್ದರು.

ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕೂತೆ. ಇಳಿಜಾರಾದ್ದರಿಂದ ರತ್ನ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು ಬಂದಳು. ನಾನಿನ್ನೂ ಇಳಿದಿರಲಿಲ್ಲ. ಬಗ್ಗಿ ನೋಡಿದಳು. ಬೆಳಿಗ್ಗೆ ಸೆನ್ಸರು ಕಿರುಚಿತಲ್ಲ, ಎಂದೆ. ಅವಳು ಬಾಗಿಲು ಹಿಡಿದುಕೊಂಡು ನಿಂತಳು.

"ಯಾವ್ ಸೆನ್ಸರು? ಕಿರುಚ್ಲೂ ಇಲ್ಲ, ಏನೂ ಇಲ್ಲ. ಅವ್ವ ಕೂಗಿದ್ದು ಕೇಳಿ ನೀನ್ ನಿಲ್ಸ್ದೆ ಅಂತ ನಾನಂದ್ಕಂಡಿದ್ದೀನಿ."

ಅವಳಿಗೆ ಕೇಳಿಸಿದ್ದು ಒಂದು ಕೂಗು. ಆಸು ಬುಟ್ಟವ್ರೆ, ನಿಂತ್ಕಳ್ರಪ್ಪೋ ಎಂದು. ಅದಕ್ಕೇ ನನ್ನ ತೋಳು ಹಿಡಿದೆಳೆದಿದ್ದಳು. ತುಪ್ಪ ತರಲು ಒಳಗೆ ಹೋದಾಗ ಅವ್ವನನ್ನು ಕೇಳಿದ್ದಾಳೆ. ಅತ್ತೆಮ್ಮ ಒಲೆಯ ಮುಂದೆ ಕಾಪಿ ಲೋಟ ಹಿಡಿದು ಕೂತಿದ್ದರಂತೆ. ಹೊರಗೆ ಕಾರು ವಾಪಸು ಬಂದದ್ದೂ ಅವರಿಗೆ ಗೊತ್ತಿರಲಿಲ್ಲವಂತೆ. ನನಗೆ ಹೇಳಬೇಕೋ ಬೇಡವೋ ಎಂದು ರತ್ನ ದಾರಿಯುದ್ದಕ್ಕೂ ಯೋಚಿಸುತ್ತಾ ಬಂದಿದ್ದಳು.

"ಅದು ಈಗಿನ್ ದನಿ ಅಲ್ಲ ಅತ್ಗೆ" ಎಂದಳು. "ನಾನ್ ಲಂಗ ಆಕತಿದ್ದಾಗ ಕೂಗ್ತಿದ್ಳಲ್ಲ, ಆ ದನಿ."

ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ಅದನ್ನು ಹಿಂದೆ ಮುಂದೆ ಮಾಡಿ ಮಾತನಾಡಿದೆವು. ಒಂದೇ ಕಾರಿನಲ್ಲಿ, ಒಂದೇ ಕ್ಷಣದಲ್ಲಿ, ಮೊಳದ ದೂರದಲ್ಲಿ ಕೂತ ಇಬ್ಬರಿಗೆ ಬೇರೆ ಬೇರೆ ಕೇಳಿಸಿದೆ. ಅವಳ ಕೂಗು ನನಗೆ ಕೇಳಿಲ್ಲ, ನನ್ನ ಕೀಂ ಅವಳಿಗೆ ಕೇಳಿಲ್ಲ. ಭಯವಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಮೈ ಸ್ವಲ್ಪ ಜುಮ್ಮೆಂದಿತು, ನಿಜ. ಆದರೆ ಎದೆಯಲ್ಲಿ ಏನೋ ಬೆಚ್ಚಗಿತ್ತು. ರತ್ನ ದೀಪ ಹಚ್ಚಿದಳು. ತನ್ನ ಹರಕೆಯ ಜೊತೆಗೆ ಕಮಲಕ್ಕನ ಹೆಸರಿನಲ್ಲೂ ಒಂದು ಬತ್ತಿ ಹಾಕಿದಳು.

ಸಂಜೆ ಮನೆಗೆ ಬಂದ ಕೂಡಲೇ ನಮ್ಮವರನ್ನು ಕಾರಿನೊಳಗೆ ಕೂರಿಸಿ ಪರದೆ ತೆಗೆಸಿದೆ. ಸದ್ದು ಬಂದ್ ಆಗಿಯೇ ಇತ್ತು. ಅವರು ಬಂದ್ ಮಾಡಿದ ಹಾಗೇ. ಯಾರೂ ಮುಟ್ಟಿರಲಿಲ್ಲ. "ನಿನಗೆ ನಿದ್ದೆ ಸಾಲದು" ಎಂದು ಅವರು ನಕ್ಕರು. ನಾನು ಬಿಡಲಿಲ್ಲ. ಗಣಿತದವಳು ನಾನು, ತಾಳೆ ನೋಡದೆ ಉತ್ತರ ಒಪ್ಪುವವಳಲ್ಲ. ಮುಂದಿನ ಭಾನುವಾರ ಕಮಲಕ್ಕನಿಂದ ಉಳಿಕೆ ರೇಷ್ಮೆಯ ಒಂದು ಕಟ್ಟು ತಂದು, ಓಣಿಯ ಎರಡೂ ಜಗಲಿಗಳಿಗೆ ಸೊಂಟದೆತ್ತರಕ್ಕೆ ಎಳೆದು ಕಟ್ಟಿದೆವು. ಸೆನ್ಸರಿನ ಸದ್ದನ್ನು ಪೂರ್ತಿ ಹೆಚ್ಚಿಸಿ ನಾನು ಮೆಲ್ಲಗೆ ರಿವರ್ಸ್ ಬಂದೆ. ಬದಿಯ ಮೆಟ್ಟಿಲುಗಳಿಗೆ ಅದು ಕೀಂ ಕೀಂ ಎಂದದ್ದು ನಿಜ. ರೇಷ್ಮೆಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎಳೆಗಳು ಬಂಪರಿಗೆ ತಾಗಿ ಬಾಗಿದವು, ಆಗಲೂ ಇಲ್ಲ. ನಮ್ಮವರು ಎಳೆಯ ಜಾಗದಲ್ಲಿ ತಾವೇ ಬಂದು ನಿಂತರು. ಅವರ ಹೊಟ್ಟೆಯನ್ನು ಅದು ಎಷ್ಟೋ ದೂರದಿಂದಲೇ ಗುರುತಿಸಿ ಬಡಿದುಕೊಂಡಿತು. ಓಣಿಯೆಲ್ಲ ನಕ್ಕಿತು. ಅವರ ನಗು ಮಾತ್ರ ಆ ದಿನದಿಂದ ಸ್ವಲ್ಪ ಕಡಿಮೆಯಾಗಿದೆ. ಸದ್ದನ್ನು ಅಂದೇ ಮತ್ತೆ ಬಂದ್ ಮಾಡಿಸಿದೆ.

ಸರ್ವೀಸಿಗೆ ಬಿಟ್ಟಾಗ ಅಲ್ಲಿಯ ಮೆಕ್ಯಾನಿಕ್ಕನ್ನೂ ಕೇಳಿದೆ. ಮಂಜಿನ ಹನಿ ಸೆನ್ಸರಿನ ಮೇಲೆ ಕೂತರೆ ಹತ್ತಿರ ಏನೂ ಇಲ್ಲದಿದ್ದರೂ ಅದು ಕಿರುಚುವುದುಂಟು ಎಂದ. ಇರಬಹುದು, ಸಮಾಧಾನವಾಯಿತು. ಸದ್ದು ಬಂದ್ ಆಗಿದ್ದರೂ ಕಿರುಚುತ್ತದೆಯಾ ಎಂದೆ. ಅವನು ನನ್ನ ಮುಖ ನೋಡಿ, ಎಣ್ಣೆ ಬದಲಿಸಬೇಕಾ ಮೇಡಂ ಎಂದು ಕೇಳಿದ.

ಓಣಿಯಲ್ಲಿ ಒಬ್ಬೊಬ್ಬರನ್ನೂ ವಿಚಾರಿಸಿದ್ದಾಯಿತು. ಆ ಚಳಿಯಲ್ಲಿ ಯಾರೂ ಹೊರಗೆ ಬಂದಿರಲಿಲ್ಲ, ಯಾರೂ ಕೂಗಿರಲಿಲ್ಲ. ಕಮಲಕ್ಕನಿಗೆ ಕೇಳಿಸಿದ್ದು ಕಾರಿನ ಬಾಗಿಲ ಸದ್ದು ಮಾತ್ರ. ಅತ್ತೆಮ್ಮ ಆ ಸಂಜೆ ಗಂಟಲು ಕಟ್ಟಿದೆಯೆಂದು ಬಿಸಿನೀರು ಕೇಳಿದರು. ರತ್ನ ನನ್ನ ಕಡೆ ಅರ್ಥಗರ್ಭಿತವಾಗಿ ನೋಡಿದಳು. ಚಳಿಗಾಲದಲ್ಲಿ ಅವರ ಗಂಟಲು ಕಟ್ಟದ ದಿನವೇ ಇಲ್ಲ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೇರವಾಗಿಯೇ ಕೇಳಿದ್ದಕ್ಕೆ ಅವರಂದದ್ದು ಇಷ್ಟು: "ಯಾರ್ ಕೂಗುದ್ರೇನಮ್ಮಿ? ನೀನ್ ನಿಂತ್ಕಂಡ್ಯಲ್ಲ, ಅದ್ ಏಳು."

ಈಗ ನಮ್ಮಲ್ಲಿ ಒಂದು ಒಪ್ಪಂದವಾಗಿದೆ. ಹಾಸು ಬಿಡುವ ಹಿಂದಿನ ಸಂಜೆ ಕಮಲಕ್ಕ ಬಾಗಿಲಿಗೆ ಬಂದು ಹೇಳುತ್ತಾಳೆ, ನಾನು ಕಾರನ್ನು ನಮ್ಮವರ ಅಂಗಡಿಯ ಪಕ್ಕದಲ್ಲಿ ನಿಲ್ಲಿಸಿ ಬರುತ್ತೇನೆ. ಕಾರು ಊರಲ್ಲಿರಲಿ ಬಿಡಲಿ, ಕೆಂಪು ಬಟ್ಟೆಯ ಕೋಲು ಓಣಿಯ ಬಾಯಲ್ಲಿ ನಿಲ್ಲಲೇಬೇಕು. ನಾನೂ ಮಂಜಿದ್ದ ದಿನ ಇಳಿದು, ಓಣಿಯುದ್ದಕ್ಕೂ ಒಮ್ಮೆ ನಡೆದು ನೋಡಿ, ಆಮೇಲೆ ರಿವರ್ಸ್ ಹಾಕುತ್ತೇನೆ. ಮೂತಿ ಮಾತ್ರ ಇಂದಿಗೂ ಬಡಗಲಿಗೇ.

ಪವಿತ್ರಳ ಮದುವೆ ಬೇಸಗೆಯಲ್ಲಿ ನಡೆಯಿತು. ಹಾಲುಬಣ್ಣದ ಸೀರೆಯುಟ್ಟು ಧಾರೆಗೆ ಕೂತ ಹುಡುಗಿಯನ್ನು ನೋಡಿ ನನಗೆ ಏನೇನೋ ಆಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆಮ್ಮ ಕನ್ನಡಕ ಒರೆಸಿ ಒರೆಸಿ ಅಂಚನ್ನು ನೋಡುತ್ತಿದ್ದರು. ಕಾಲಿಗೆ ಬಿದ್ದವಳ ಸೆರಗನ್ನು ಬೆರಳಿನಲ್ಲಿ ಸವರಿ, "ಒಂದೆಳೆ ತಪ್ಪಿಲ್ಲ ಕಣವ್ವ" ಎಂದರು. ಅದಕ್ಕಿಂತ ದೊಡ್ಡ ಆಶೀರ್ವಾದ ನಮ್ಮ ಓಣಿಯಲ್ಲಿ ಇಲ್ಲ.

ಛತ್ರದಿಂದ ಮನೆಗೆ ಬರುವಾಗ ಕಾರಿನಲ್ಲಿ ಎಲ್ಲರೂ ಇದ್ದರು. ಓಣಿಯ ಬಾಯಲ್ಲಿ ನಾನು ರಿವರ್ಸ್ ಗೇರು ಹಾಕಿದಾಗ ರತ್ನ, ಇಷ್ಟೆಲ್ಲ ಆದ ಮೇಲೂ ಆ ಸೆನ್ಸರಿನ ಸದ್ದು ಹಾಕಿಸಿಕೊಳ್ಳಬಾರದಾ ಎಂದು ಕೇಳಿದಳು. ನಮ್ಮವರೂ ಕೈ ಮುಂದೆ ಚಾಚಿದರು. ಬೇಡ, ಇರಲಿ ಎಂದೆ. ಕಿಟಕಿಯ ಗಾಜು ಇಳಿಸಿ, ಕತ್ತು ಹೊರಳಿಸಿ, ಮೆಲ್ಲಗೆ ಹಿಂದಕ್ಕೆ ಬಂದೆ.

ಸ್ಟಾಫ್ ರೂಮಿನಲ್ಲಿ ಈಗ ನಾನು ಪೆಟ್ರೋಲಿನ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ನನ್ನ ಕಥೆಯನ್ನೂ ಹೇಳಿಲ್ಲ, ಇಲ್ಲಿ ಬರೆದದ್ದೇ ಮೊದಲು. ಆ ಸದ್ದು ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ಕಾರಿನ ಸದ್ದನ್ನು ಏಕೆ ಹಾಕಿಸಿಕೊಳ್ಳುವುದಿಲ್ಲ ಎಂದರೆ, ಅದಕ್ಕೊಂದೇ ಕಾರಣ. ಅದನ್ನು ಹಾಕಿಸಿಬಿಟ್ಟರೆ, ಇನ್ನೊಮ್ಮೆ ಯಾರಾದರೂ ನನ್ನನ್ನು ಕೂಗಿ ನಿಲ್ಲಿಸಿದರೆ ಅದು ಕಾರಲ್ಲ ಎಂದು ನನಗೆ ತಿಳಿಯುವುದು ಹೇಗೆ?